ಒಳಗೆ ಬಿಟ್ಟ ಬಟ್ಟೆ

ಹೊಲಿಗೆ ಮಷೀನು ನಿಂತಿತು.

ಪರದೆಯ ಪಕ್ಕ ಕೂತು ಅಂಗಿಗೆ ಕಾಜ ಹಾಕುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. ಮದುವೆಯಾದ ದಿನದಿಂದ ಆ ಮಷೀನಿನ ಸದ್ದಿನೊಳಗೇ ಬಾಳಿದವಳು ಆಕೆ. ಟಕಟಕಟಕ ಎಂದು ಒಂದೇ ಸಮ ಓಡಿದರೆ ಪ್ಯಾಂಟಿನ ಉದ್ದದ ಹೊಲಿಗೆ. ಟಕ್, ಟಕ್ ಎಂದು ಉಸಿರು ಹಿಡಿದು ನಡೆದರೆ ಕಾಲರಿನ ಮೂಲೆ. ನೋಡದೆಯೇ ಹೇಳಬಲ್ಲಳು. ಈಚೆಗೆ ಕೆಲವು ತಿಂಗಳಿಂದ ಹೊಸ ಸದ್ದುಗಳು ಸೇರಿಕೊಂಡಿದ್ದವು. ಮಷೀನು ನಿಲ್ಲುತ್ತದೆ, ನೀರಿನ ಹೂಜಿಯ ಮುಚ್ಚಳ ಟಣ್ ಎನ್ನುತ್ತದೆ, ಗಟಗಟ ಕುಡಿದದ್ದು ಕೇಳುತ್ತದೆ. ಮತ್ತೆ ಮಷೀನು, ಮತ್ತೆ ಮೌನ. ಆಮೇಲೆ ಚಪ್ಪಲಿಗಳು ಹಿಂಬದಿಗೆ ಸರಸರ ಓಡಿ, ಬಚ್ಚಲಮನೆಯ ಚಿಲಕ ಬೀಳುತ್ತದೆ.

ಈಗಲೂ ಚಿಲಕ ಬಿತ್ತು. ಜಗಳ ಮಾತ್ರ ನಿಲ್ಲಲಿಲ್ಲ.

ಮೇಷ್ಟ್ರು (ಬಚ್ಚಲಮನೆಯ ಬಾಗಿಲ ಹಿಂದಿನಿಂದ): ಆ ರಿಪೋರ್ಟು ನನ್ನದಲ್ಲ ಅಂದ್ರೆ ನನ್ನದಲ್ಲ!

ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ, ಟೈಲರು. ಇವರ ಕೈಯ ಕಾಲರು ಕುತ್ತಿಗೆಗೆ ಕೂತ ಹಾಗೆ ಇನ್ಯಾರದ್ದೂ ಕೂರುವುದಿಲ್ಲವೆಂದು ಗಿರಾಕಿಗಳು ಕಾಲರ್ ಮೇಷ್ಟ್ರು ಎಂದು ಕರೆದು, ಅದೇ ಹೆಸರು ನಿಂತುಹೋಗಿತ್ತು. ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದವನು ಹೆಂಡತಿಯ ತಮ್ಮ. ಮುಂದಿನ ಬೀದಿಯಲ್ಲಿ ಔಷಧದ ಅಂಗಡಿ ಇಟ್ಟವನು. ಅವನ ಒಂದು ಕೈಯಲ್ಲಿ ರಕ್ತ ಪರೀಕ್ಷೆಯ ರಿಪೋರ್ಟು, ಇನ್ನೊಂದರಲ್ಲಿ ಡಾಕ್ಟರು ಬರೆದುಕೊಟ್ಟ ಮಾತ್ರೆ. ಮಧ್ಯಾಹ್ನದ ಊಟ ಮುಗಿದಾಗಿನಿಂದ ಹೀಗೇ ಕೂತಿದ್ದ.

ಭಾಮೈದ: ಭಾವ, ಇದರ ಮೇಲೆ ನಿಮ್ಮ ಹೆಸರಿದೆ, ವಯಸ್ಸಿದೆ, ಅಂಗಡಿ ವಿಳಾಸ ಇದೆ.

ಮೇಷ್ಟ್ರು: ಹೆಸರು ಯಾರದ್ದು ಬೇಕಾದ್ರೂ ಬರೀಬಹುದು. ನಾನೂ ಬಟ್ಟೆಗೆ ಚೀಟಿ ಚುಚ್ಚಿ ಇಡ್ತೀನಿ. ಆದ್ರೂ ಆ ದಪ್ಪ ಪೋಸ್ಟ್ ಮಾಸ್ಟರ ಪ್ಯಾಂಟು ಹೋಗಿ ಸಣಕಲು ಕಂಡಕ್ಟರಿಗೆ ಸೇರಿತ್ತೋ ಇಲ್ವೋ?

ಹೆಂಡತಿ: ಸೇರಿಸಿದ್ದು ನೀವೇ.

ಮೇಷ್ಟ್ರು: ಅದನ್ನೇ ಹೇಳ್ತಿರೋದು. ನನ್ನಂಥವನ ಕೈಲೇ ಅದಲು ಬದಲು ಆಗುತ್ತೆ ಅಂದ್ಮೇಲೆ ಆ ಲ್ಯಾಬಿನವರ ಕೈಲಿ ಆಗಲ್ವಾ?

ಭಾಮೈದ: ಅದಕ್ಕೇ ಡಾಕ್ಟ್ರು ಇನ್ನೊಂದ್ಸಲ ರಕ್ತ ತೆಗೆಸಿದ್ದು. ಎರಡು ಸಲಾನೂ ಒಂದೇ ಮಾತು ಹೇಳ್ತಿದೆ.

ಮೇಷ್ಟ್ರು: ಎರಡು ಸಲಾನೂ ಅದೇ ಮನುಷ್ಯನ ರಕ್ತ ಹೋಗಿರ್ಬೇಕು.

ಭಾಮೈದ: ಹೌದು ಭಾವ! ಆ ಮನುಷ್ಯ ನೀವೇ!

ಚಿಲಕ ಸರಿಯಿತು. ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಬಂದು, ನೇರ ಹೂಜಿಯ ಬಳಿ ಹೋಗಿ, ಕೊರಳ ಟೇಪು ನೆನೆಯುವಷ್ಟು ಅವಸರದಲ್ಲಿ ನೀರು ಕುಡಿದರು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರು: ಏನು ನೋಡ್ತೀರಿ? ಸೆಖೆ.

ಹೆಂಡತಿ: ನಾನು ಬೆಳಗ್ಗಿಂದ ಶಾಲು ಹೊದ್ದು ಕೂತಿದೀನಿ ರೀ.

ಮೇಷ್ಟ್ರು: ನಿನಗೆ ಇಸ್ತ್ರಿ ಪೆಟ್ಟಿಗೆ ಹಿಡಿದ್ರೂ ಚಳಿ. (ಮಷೀನಿನ ಮುಂದೆ ಕೂತು) ನೋಡಯ್ಯಾ, ಹೋದ ವರ್ಷ ನಿಮ್ಮ ಡಾಕ್ಟ್ರು ಏನಂದ್ರು? ನೀವು ಗಡಿಯಲ್ಲಿದೀರಿ ಅಂದ್ರು. ಸರಿ ಅಂದೆ. ವರ್ಷದಿಂದ ಗಡೀಲೇ ನಿಂತಿದೀನಿ. ಆ ಕಡೆ ಒಂದು ಹೆಜ್ಜೆ ಇಟ್ಟಿಲ್ಲ, ಈ ಕಡೆ ಒಂದು ಹೆಜ್ಜೆ ಇಟ್ಟಿಲ್ಲ.

ಹೆಂಡತಿ: ಹೆಜ್ಜೆ ಇಡಿ ಅಂತಾನೇ ಅವರು ಹೇಳಿದ್ದು. ದಿನಾ ಅರ್ಧ ಗಂಟೆ.

ಮೇಷ್ಟ್ರು: ಗಡಿ ಕಾಯೋನು ಎಲ್ಲಾದ್ರೂ ವಾಕಿಂಗ್ ಹೋಗ್ತಾನಾ?

ಭಾಮೈದ: ಭಾವ, ಅದು ನಿಂತು ಕಾಯೋ ಜಾಗ ಅಲ್ಲ. ವಾಪಸ್ ತಿರುಗೋ ಜಾಗ. ಆಗ್ಲೇ ತಿರುಗಿದ್ದಿದ್ರೆ ಇವತ್ತು ಮಾತ್ರೆ ಹಿಡ್ಕೊಂಡು ನಾನು ಬರ್ತಾನೇ ಇರ್ಲಿಲ್ಲವೇನೋ. ಮೂರು ತಿಂಗಳ ಸಕ್ಕರೆಯ ಸರಾಸರಿ ಇದು. ಆರೂವರೆ ಮುಟ್ಟಿದ್ರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಹೋದ ವರ್ಷ ಆರು ಪಾಯಿಂಟ್ ಎರಡು ಇತ್ತು, ಈಗ ಏಳು ಪಾಯಿಂಟ್ ನಾಲ್ಕು.

ಮೇಷ್ಟ್ರು: ಒಂದು ಚಿಲ್ಲರೆ! ಒಂದು ಚಿಲ್ಲರೆಗೆ ಭೂಮಿ ಆಕಾಶ ಒಂದು ಮಾಡ್ತಿದೀರಲ್ಲ!

ಹೆಂಡತಿ: ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೆ ಇಡೀ ಕಾಲರ್ ಬಿಚ್ಚಿ ಹಾಕೋರು ನೀವು.

ಮೇಷ್ಟ್ರು: ಕಾಲರ್ ನಾಲ್ಕು ಜನ ನೋಡ್ತಾರೆ. ನನ್ನ ರಕ್ತ ಯಾರು ನೋಡ್ತಾರೆ?

ಭಾಮೈದ: ಲ್ಯಾಬಿನವರು ನೋಡಿದ್ರು. ಎರಡು ಸಲ.

ಮೇಷ್ಟ್ರು: ಸರಿ, ನಿನ್ನ ಮಾತಿಗೇ ಬರ್ತೀನಿ. ಮೂರು ತಿಂಗಳು ಅಂದ್ಯಲ್ಲ, ಯಾವ ಮೂರು ತಿಂಗಳು? ಶಾಲೆ ಯೂನಿಫಾರಂ ಹೊಲಿದ ಮೂರು ತಿಂಗಳು! ತಲೆ ಎತ್ತೋಕೆ ಬಿಡುವಿಲ್ಲ, ಟೀ ಮೇಲೆ ಟೀ, ಟೀ ಜೊತೆ ಬಿಸ್ಕತ್ತು. ಅದು ನನ್ನ ಸಕ್ಕರೆ ಅಲ್ಲ ಕಣಯ್ಯ, ಶಾಲೆಯ ಸಕ್ಕರೆ. ಹೆಡ್ ಮಾಸ್ಟರ ಹೆಸರಿಗೆ ಬರ್ಕೊಳ್ಳಿ.

ಹೆಂಡತಿ ಕಾಜ ಮುಗಿಸಿ ಗುಂಡಿಯ ಡಬ್ಬಿಗೆ ಕೈ ಚಾಚಿದಳು. ಮೇಷ್ಟ್ರ ಕಾಲು ಪೆಡಲಿನ ಮೇಲೆ ಥಟ್ಟನೆ ಗಟ್ಟಿಯಾಯಿತು.

ಮೇಷ್ಟ್ರು: ಅದು ಬೇಡ! ಬಿಳಿ ಗುಂಡಿ ಈ ಡ್ರಾಯರಲ್ಲಿದೆ.

ಹೆಂಡತಿ: ಬಿಳಿ ಗುಂಡಿ ಇಪ್ಪತ್ತು ವರ್ಷದಿಂದ ಇದರಲ್ಲೇ ಇರೋದು.

ಮುಚ್ಚಳ ತೆಗೆದಳು. ಗುಂಡಿಗಳ ನಡುವೆ ಇರುವೆಗಳ ಒಂದು ದೊಡ್ಡ ಮೆರವಣಿಗೆ ಶಿಸ್ತಾಗಿ ಸಾಗಿತ್ತು. ಅವಳು ಬೆರಳಾಡಿಸಿ, ಕಾಗದ ಅಂಟಿಕೊಂಡ ಒಂದು ಪೆಪ್ಪರಮಿಂಟನ್ನು ಎತ್ತಿ ಹಿಡಿದಳು. ಇನ್ನೊಂದು. ಮತ್ತೊಂದಕ್ಕೆ ಕೋಟಿನ ಗುಂಡಿಯೊಂದು ಕಚ್ಚಿಕೊಂಡಿತ್ತು.

ಹೆಂಡತಿ: ಇದು ಯಾವ ಅಳತೆ ಗುಂಡಿ ರೀ?

ಮೇಷ್ಟ್ರು: ಅದು... ಗಿರಾಕಿಗಳ ಮಕ್ಕಳಿಗೆ. ಅಳತೆ ಕೊಡುವಾಗ ಅಳ್ತಾವೆ.

ಭಾಮೈದ: ಮಕ್ಕಳಿಗಿಟ್ಟಿದ್ದು ಗುಂಡಿ ಕೆಳಗೆ ಯಾಕೆ ಬಚ್ಚಿಟ್ಟಿದೀರಿ ಭಾವ?

ಮೇಷ್ಟ್ರು: ಮಕ್ಕಳಿಗೆ ಸಿಗಬಾರದು ಅಂತ.

ಹೆಂಡತಿಗೆ ನಗು ಬಂತು. ಬಾಯಿಯಲ್ಲಿ ಸೂಜಿ ಕಚ್ಚಿಕೊಂಡಿದ್ದರಿಂದ ತಡೆದುಕೊಂಡಳು. ನಗುವಿನ ಹಿಂದೆಯೇ ಇನ್ನೊಂದು ಬಂತು, ಎದೆಯ ಹತ್ತಿರ ಎಲ್ಲೋ ಚುಚ್ಚುವಂಥದ್ದು. ಎದುರಿನ ಪಿನ್ನಿನ ದಿಂಬಿನ ಮೇಲೆ ದಾರ ಪೋಣಿಸಿದ ಸೂಜಿಗಳು ಸಾಲಾಗಿ ನಿಂತಿದ್ದವು. ದಿನಾ ಬೆಳಗ್ಗೆ ಅವಳೇ ಪೋಣಿಸಿಡುತ್ತಿದ್ದಳು. ಮೊದಲು ಇದು ಬೇಕಿರಲಿಲ್ಲ. ಕತ್ತಲಲ್ಲೂ ಸೂಜಿಗೆ ದಾರ ಏರಿಸುತ್ತಿದ್ದ ಮನುಷ್ಯ ಈಚೆಗೆ ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ನೆಕ್ಕಿ ನೆಕ್ಕಿ, ಕೊನೆಗೆ ಬೆಳಕು ಸರಿಯಿಲ್ಲ ಎನ್ನುತ್ತಿದ್ದರು. ಅಂಗಡಿಯ ಬಲ್ಬು ಈ ವರ್ಷ ಎಷ್ಟು ಸಲ ಬದಲಾಯಿತೋ. ಸಕ್ಕರೆ ಹೆಚ್ಚಾದರೂ ಕಣ್ಣು ಮಂಜಾಗುತ್ತದೆ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಟೈಲರನ ಕಣ್ಣು ಹೋದರೆ ಉಳಿಯುವುದೇನು ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

ಹೆಂಡತಿ: ಒಂದು ಮಾತ್ರೆ ರೀ. ಊಟ ಆದ್ಮೇಲೆ ಒಂದೇ ಒಂದು. ನುಂಗಿಬಿಡಿ, ಸಾಕು.

ಮೇಷ್ಟ್ರು: ಗುರುಗಳಿಗೂ ಹೀಗೇ ಹೇಳಿದ್ರು.

ಕತ್ತರಿಸುವ ಮೇಜಿನ ಮೇಲೆ ದೊಡ್ಡ ಕತ್ತರಿ ಬಾಯಿ ಮುಚ್ಚಿ ಮಲಗಿತ್ತು. ಮೇಷ್ಟ್ರಿಗೆ ಕೆಲಸ ಕಲಿಸಿದ ಗುರುಗಳದ್ದು ಅದು. ಕೊನೆಗಾಲದಲ್ಲಿ ಕಣ್ಣು ಕಾಣದೆ, ಕತ್ತರಿಯನ್ನು ತಡವಿ ತಡವಿ ಎತ್ತಿ ಶಿಷ್ಯನ ಕೈಗಿಟ್ಟಿದ್ದರು.

ಮೇಷ್ಟ್ರು: ಒಂದೇ ಒಂದು ಮಾತ್ರೆ ಅಂದ್ರು. ಆಮೇಲೆ ಎರಡಾಯ್ತು. ಆಮೇಲೆ ಇಂಜೆಕ್ಷನ್ನು. ಆಮೇಲೆ ಕಣ್ಣು. ನಾನೇ ಕೈ ಹಿಡಿದು ನಡೆಸಿದೀನಿ. ಮಾತ್ರೆ ತಗೊಳ್ಳೋವರೆಗೆ ಗಟ್ಟಿಮುಟ್ಟಾಗಿದ್ರು ಕಣಯ್ಯ. ಮಾತ್ರೆ ಶುರು ಮಾಡಿದ್ರು, ಮುಗೀತು.

ಭಾಮೈದ: ಭಾವ, ಒಂದು ಕೇಳ್ಲಾ? ಮಾತ್ರೆ ಶುರು ಮಾಡೋಕೆ ಮುಂಚೆ ಅವರು ನೀರು ಎಷ್ಟು ಕುಡೀತಿದ್ರು?

ಮೇಷ್ಟ್ರು ಹೂಜಿಯ ಕಡೆ ನೋಡಿ, ನೋಡಲಿಲ್ಲವೆಂಬಂತೆ ಮುಖ ತಿರುಗಿಸಿದರು.

ಮೇಷ್ಟ್ರು: ...ಕುಡೀತಿದ್ರು.

ಭಾಮೈದ: ಎಷ್ಟು ವರ್ಷ?

ಮೇಷ್ಟ್ರು: ಸೆಖೆ ಜಾಸ್ತಿ ಅವರಿಗೆ.

ಹೆಂಡತಿ: ಅಲ್ಲಿಂದಲೇ ಕಲಿತ್ರಾ ಈ ಸೆಖೆ?

ಭಾಮೈದ: ಮಾತ್ರೆಯಿಂದ ಕಣ್ಣು ಹೋಗಿಲ್ಲ ಭಾವ. ಮಾತ್ರೆ ಬರೋದು ತಡ ಆಗಿ ಹೋಯ್ತು. ಹರಿದು ಚಿಂದಿ ಆದ್ಮೇಲೆ ಬಟ್ಟೆ ತಂದು ಕೊಟ್ಟು, ಸರಿಯಾಗ್ಲಿಲ್ಲ ಅಂದ್ರೆ ಟೈಲರ್ ತಪ್ಪಾ? ನಿಮಗಿನ್ನೂ ಬರೀ ಹೊಲಿಗೆ ಬಿಟ್ಟಿದೆ. ಈಗ್ಲೇ ಹಿಡಿದ್ರೆ ಈ ಒಂದು ಮಾತ್ರೆ, ಬಾಯಿಗೆ ಸ್ವಲ್ಪ ಕಡಿವಾಣ, ಕಾಲಿಗೆ ಸ್ವಲ್ಪ ಕೆಲಸ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಕಣ್ಣು ಒಂದ್ಸಲ, ಪಾದ ಒಂದ್ಸಲ ತೋರಿಸ್ಕೊಂಡು ಬಂದ್ರಾಯ್ತು. ಇಂಜೆಕ್ಷನ್ ಮಾತು ಯಾರೂ ಎತ್ತಿಲ್ಲ.

ಹೆಂಡತಿ: ದಿನವೆಲ್ಲ ಸೂಜಿ ಜೊತೆ ಸಂಸಾರ ಮಾಡೋರಿಗೆ ಇಂಜೆಕ್ಷನ್ ಅಂದ್ರೆ ಭಯ ನೋಡು!

ಮೇಷ್ಟ್ರು: ನನ್ನ ಸೂಜಿ ಬಟ್ಟೆಗೆ ಚುಚ್ಚುತ್ತೆ. (ಎದ್ದು ನಿಂತು) ಅದೆಲ್ಲ ಬಿಡಿ. ಸಕ್ಕರೆ ಕಾಯಿಲೆ ಬರೋದು ಯಾರಿಗೆ? ಹೊಟ್ಟೆ ಬಿಟ್ಟೋರಿಗೆ. ಆ ಬ್ಯಾಂಕ್ ಮ್ಯಾನೇಜರ್ ಇದಾರಲ್ಲ, ಅವರ ಸೊಂಟ ಅಳೆಯೋಕೆ ಹೋದ್ರೆ ನನ್ನ ಟೇಪು ಅಳುತ್ತೆ. ಅಂಥವರಿಗೆ ಬರುತ್ತೆ. ನನಗೆ ಯಾಕೆ ಬರುತ್ತೆ? ಡಾಕ್ಟ್ರು ತೂಕ ಇಳಿಸಿ ಅಂದ ದಿನ ಮನೆಗೆ ಬಂದು ನಾನು ಮೊದಲು ಮಾಡಿದ್ದೇನು? ಈ ಪ್ಯಾಂಟು ಹಾಕ್ಕೊಂಡೆ. ಐದು ವರ್ಷದ ಹಿಂದೆ ನನ್ನ ಕೈಯಾರೆ ಹೊಲಿದ ಪ್ಯಾಂಟು. ಅವತ್ತು ಹೇಗೆ ಕೂತಿತ್ತೋ ಹಾಗೇ ಕೂತಿತ್ತು. ತೂಕದ ಮಷೀನು ಸುಳ್ಳು ಹೇಳ್ಬಹುದು. ನಾನು ಹೊಲಿದ ಪ್ಯಾಂಟು ಸುಳ್ಳು ಹೇಳಲ್ಲ!

ಹೆಂಡತಿಯ ಬೆರಳಿಗೆ ಸೂಜಿ ಚುಚ್ಚಿಕೊಂಡಿತು.

ಸುಳ್ಳು ಹೇಳಿದ್ದು ಪ್ಯಾಂಟಲ್ಲ, ಅವಳು. ಪ್ರತಿ ಪ್ಯಾಂಟಿಗೂ ಟೈಲರುಗಳು ಹಿಂಬದಿಯ ಹೊಲಿಗೆಯಲ್ಲಿ ಒಂದಿಷ್ಟು ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಿರುತ್ತಾರೆ, ಮುಂದೆಂದಾದರೂ ಸಡಿಲ ಮಾಡಬೇಕಾದರೆ ಇರಲಿ ಎಂದು. ಒಂದು ಬೆಳಗ್ಗೆ ಮೇಷ್ಟ್ರು ಹುಕ್ಕು ಹಾಕಲು ಒದ್ದಾಡಿ, ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಮುಖ ಸಣ್ಣದು ಮಾಡಿದ್ದನ್ನು ಅವಳು ಬಾಗಿಲ ಸಂದಿಯಿಂದ ಕಂಡಿದ್ದಳು. ಆ ಮುಖ ನೋಡಲಾಗಲಿಲ್ಲ. ಇಸ್ತ್ರಿ ಮಾಡುವ ನೆಪದಲ್ಲಿ ಹೊಲಿಗೆ ಬಿಚ್ಚಿ, ಚೂರೇ ಚೂರು ಸಡಿಲ ಮಾಡಿ ಹೊಲಿದಿಟ್ಟಳು. ಮರುದಿನ ಹುಕ್ಕು ಬಿತ್ತು, ಇವರು ಶಿಳ್ಳೆ ಹಾಕಿದರು. ಶಿಳ್ಳೆ ಕೇಳುವ ಆಸೆಗೆ ಇನ್ನೊಂದು ಸಲ ಬಿಚ್ಚಿದಳು. ಮತ್ತೊಂದು ಸಲ. ಆ ಹುಕ್ಕನ್ನು ನಂಬಿಯೇ ಇವರು ಡಾಕ್ಟರ ಮಾತನ್ನು ಗಾಳಿಗೆ ತೂರಿದ್ದು ಅವಳಿಗೆ ಹೊಳೆದದ್ದು ರಿಪೋರ್ಟು ಬಂದ ಮೇಲೆ. ಹೋದ ವಾರ ಮತ್ತೆ ಬಿಚ್ಚಲು ಕೂತಾಗ ಒಳಗೆ ಬಟ್ಟೆ ಇರಲಿಲ್ಲ. ಅಂದಿನಿಂದ, ಸದಾ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ಠಾಕುಠೀಕಾಗಿರುವ ಮೇಷ್ಟ್ರು, ಬೀಳದ ಹುಕ್ಕು ಕಾಣದಿರಲೆಂದು ಅಂಗಿಯನ್ನು ಹೊರಗೆ ಬಿಟ್ಟುಕೊಂಡು ತಿರುಗುತ್ತಿದ್ದರು.

ಹೆಂಡತಿ: ಅಂಗಿ ಎತ್ತಿ ಹುಕ್ಕು ತೋರಿಸಿ ನೋಡೋಣ.

ಮೇಷ್ಟ್ರು: ಏನೇ ಇದು, ತಮ್ಮನ ಮುಂದೆ!

ಭಾಮೈದ: ನಾನು ಆ ಕಡೆ ತಿರುಗ್ತೀನಿ ಭಾವ. ಹುಕ್ಕು ಹಾಕಿ ನಾಲ್ಕು ಮಾತಾಡಿ. ಹುಕ್ಕು ನಿಂತ್ರೆ ನಾನು ಮಾತ್ರೆ ಎತ್ಕೊಂಡು ಹೋಗ್ತೀನಿ.

ಮೇಷ್ಟ್ರು: ಹೋಗ್ಬೇಕು! ಈ ಗುರುಗಳ ಕತ್ತರಿ ಮುಟ್ಟಿ ಹೇಳ್ತೀನಿ, ಈ ಪ್ಯಾಂಟು ನನಗೆ ಒಂದು ಬೆರಳು ಬಿಗಿ ಆಗಿದ್ರೂ ನಿನ್ನ ಮಾತ್ರೆ ಈಗಿಂದೀಗ ನುಂಗ್ತೀನಿ. ಆಗಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಇಬ್ಬರೂ ಸಕ್ಕರೆ ಅನ್ನೋ ಮಾತು ಎತ್ತಬಾರದು!

ಗೋಡೆಗೆ ತಿರುಗಿ ಉಸಿರೆಳೆದುಕೊಂಡರು. ಹೊಟ್ಟೆ ಒಳಗೆ ಹೋಯಿತು, ಕೆನ್ನೆ ಹೊರಗೆ ಬಂತು. ಕಟ್ ಎಂದು ಹುಕ್ಕು ಬಿತ್ತು. ಕೈ ಎರಡೂ ಮೇಲೆತ್ತಿ ಇತ್ತ ತಿರುಗಿದರು.

ಭಾಮೈದ: ಭೇಷ್! ಈಗ ಮಾತಾಡಿ.

ಮೇಷ್ಟ್ರು: ಮ್.

ಹೆಂಡತಿ: ಮ್ ಅಂದ್ರೆ ಮಾತಲ್ಲ.

ಮೇಷ್ಟ್ರು: ಮ್... ನೋ...

"ಡಿ" ಬರುವ ಹೊತ್ತಿಗೆ ಹುಕ್ಕು ಕಿತ್ತು, ಗಾಳಿಯಲ್ಲಿ ಹಾರಿ, ನೀರಿನ ಹೂಜಿಯ ಮುಚ್ಚಳಕ್ಕೆ ಬಡಿದು ಟಣ್ ಎಂದಿತು.

ಭಾಮೈದ: ಹೂಜಿಗೂ ಅರ್ಥ ಆಯ್ತು ಭಾವ.

ಮೇಷ್ಟ್ರು (ಎರಡು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು): ಹುಕ್ಕು ಕಳಪೆ! ಈಗಿನ ಹುಕ್ಕುಗಳೇ ಹೀಗೆ! ಅಲ್ಲದೆ ಬಟ್ಟೆ ಕುಗ್ಗಿದೆ. ಇವಳು ಬಿಸಿನೀರಲ್ಲಿ ಒಗೀತಾಳೆ. ನಾನು ಹಿಗ್ಗಿಲ್ಲ, ಪ್ಯಾಂಟು ಕುಗ್ಗಿದೆ.

ಹೆಂಡತಿ: ಬಿಚ್ಚಿ ಒಳಗಡೆ ತಿರುಗಿಸಿ ನೋಡಿ ರೀ.

ಮೇಷ್ಟ್ರು: ಯಾಕೆ?

ಹೆಂಡತಿ: ಸುಮ್ನೆ ನೋಡಿ.

ಅವಳ ದನಿಯಲ್ಲಿ ಹಾಸ್ಯವಿರಲಿಲ್ಲ. ಮೇಷ್ಟ್ರು ಪರದೆಯ ಹಿಂದೆ ಸರಿದು, ಕೈಗೆ ಸಿಕ್ಕ ಯಾರದೋ ಸೂಟಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಹೊರಬಂದು, ಪ್ಯಾಂಟನ್ನು ಒಳಹೊರಗು ಮಾಡಿ ಬಲ್ಬಿನ ಕೆಳಗೆ ಹಿಡಿದರು. ಕನ್ನಡಕ ಹಣೆಗೇರಿಸಿದರು, ಇಳಿಸಿದರು. ಕಾಣಲಿಲ್ಲ. ಬೆಳಕು ಸರಿಯಿಲ್ಲ ಎನ್ನಲು ಬಾಯಿ ತೆರೆದವರು, ಬಲ್ಬು ನಿನ್ನೆ ತಾನೇ ಹಾಕಿದ್ದೆಂಬುದು ನೆನಪಾಗಿ ಮುಚ್ಚಿಕೊಂಡರು. ಕಡೆಗೆ ಕಣ್ಣು ಮುಚ್ಚಿ ಹೊಲಿಗೆಯ ಮೇಲೆ ಹೆಬ್ಬೆರಳು ಹರಿಸಿದರು.

ಹೊಲಿಗೆಯ ಪಕ್ಕದಲ್ಲಿ ಸೂಜಿ ತೂತುಗಳ ಒಂದು ಸಾಲು. ಬಿಚ್ಚಿದ ಹಳೆಯ ಹೊಲಿಗೆಯ ಗುರುತು. ಅದರಾಚೆ ಇನ್ನೊಂದು ಸಾಲು. ಅದರಾಚೆ ಮತ್ತೊಂದು. ಬೆರಳು ಮೊದಲ ಸಾಲಿನಿಂದ ಕೊನೆಯ ಹೊಲಿಗೆಯವರೆಗೆ ಮೆಲ್ಲಗೆ ಸರಿದು, ಬಟ್ಟೆಯ ಅಂಚು ಸಿಕ್ಕಿ ನಿಂತಿತು.

ಮೇಷ್ಟ್ರು: ಯಾರು ಇದನ್ನ ಹೊಲಿದಿದ್ದು?

ಹೆಂಡತಿ ಕೈಯ ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿಟ್ಟಳು.

ಮೇಷ್ಟ್ರು: ಇದು ನನ್ನ ಹೊಲಿಗೆ ಅಲ್ಲ. ನನ್ನದು ತಿರುವಿನಲ್ಲಿ ಒಂಚೂರು ಎಡಕ್ಕೆ ವಾಲುತ್ತೆ. ಗುರುಗಳು ಅದಕ್ಕೇ ಬೈಯ್ತಿದ್ರು. ಇದು ದಾರ ಕಟ್ಟಿ ಎಳೆದ ಹಾಗಿದೆ. ಇಷ್ಟು ನೇರ ಹೊಲಿಯೋರು ಈ ಊರಲ್ಲಿ ಯಾರಿದಾರೆ?

ಹೆಂಡತಿ: ...ನಾನೇ.

ಮೇಷ್ಟ್ರು: ನೀನಾ?

ಹೆಂಡತಿ: ನಿಮ್ಮನ್ನ ನೋಡೇ ಕಲಿತೆ.

ಮೇಷ್ಟ್ರು: ನನಗಿಂತ ಚೆನ್ನಾಗಿ ಹೊಲಿಯೋಳು ಇಷ್ಟು ವರ್ಷ ಬರೀ ಕಾಜ ಹಾಕ್ಕೊಂಡು ಕೂತಿದ್ಯಾ?

ಭಾಮೈದ: ಭಾವ, ಈಗ ಮುಖ್ಯ ವಿಷಯ ಅದಲ್ಲ, ಸಕ್ಕರೆ...

ಮೇಷ್ಟ್ರು: ನೀನು ಸುಮ್ನಿರಯ್ಯಾ! ನನ್ನ ಪ್ಯಾಂಟು ನನಗೇ ಸುಳ್ಳು ಹೇಳಿದೆ, ಅದೂ ಇಷ್ಟು ನೇರವಾಗಿ! (ಹೆಂಡತಿಗೆ) ಹೇಳಬಾರದಿತ್ತಾ?

ಹೆಂಡತಿ: ಹುಕ್ಕು ಬಿದ್ದ ದಿನ ನೀವು ಶಿಳ್ಳೆ ಹಾಕ್ತಿದ್ರಿ. ನನಗೆ ಅದು ಬೇಕಿತ್ತು. ತಪ್ಪಾಯ್ತು ರೀ. ಇನ್ನೂ ಬಟ್ಟೆ ಇದ್ದಿದ್ರೆ ಬಹುಶಃ ಇವತ್ತೂ ಹೇಳ್ತಿರ್ಲಿಲ್ಲ. ನೋಡಿದ್ರಲ್ಲ, ಒಳಗೆ ಬಿಟ್ಟಿದ್ದೆಲ್ಲ ಮುಗೀತು. ಇನ್ನು ಬಿಚ್ಚೋಕೆ ಏನೂ ಇಲ್ಲ.

ಮೇಷ್ಟ್ರು ಅಂಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ಸಡಿಲ ಮಾಡಿಕೊಡಿ ಎಂದು ಬಂದ ಗಿರಾಕಿಗಳಿಗೆಲ್ಲ ಅವರೇ ಹೇಳುತ್ತಿದ್ದ ಮಾತು ಇದು. ಒಳಗೆ ಬಟ್ಟೆ ಇರುವವರೆಗೆ ನಾನು ದೇವರು ಸ್ವಾಮಿ, ಮುಗಿದ ಮೇಲೆ ನಾನೂ ನಿಮ್ಮ ಹಾಗೇ ಬರೀ ಮನುಷ್ಯ.

ಮೇಷ್ಟ್ರು (ತಗ್ಗಿದ ದನಿಯಲ್ಲಿ): ಮೈಯೂ ಹೀಗೇನೇನಯ್ಯಾ? ಹೇಳದೆ ಕೇಳದೆ ಒಳಗೊಳಗೇ ಸಡಿಲ ಮಾಡ್ಕೊಂಡು ಹೋಗುತ್ತಾ?

ಭಾಮೈದ: ಹಾಗೇ ಭಾವ. ಸಕ್ಕರೆ ಏರಿದ ಹಾಗೆಲ್ಲ ಅದೂ ಜಾಸ್ತಿ ದುಡಿದು ಸರಿದೂಗಿಸ್ತಿರುತ್ತೆ, ಹೊರಗೆ ಗೊತ್ತಾಗಲ್ಲ. ನಿಮ್ಮದು ಇನ್ನೂ ಪೂರ್ತಿ ಮುಗಿದಿಲ್ಲ. ಸ್ವಲ್ಪ ಉಳಿದಿರುವಾಗ್ಲೇ ಸಿಕ್ಕಿಬಿದ್ದಿದೀರಿ.

ಮೇಷ್ಟ್ರು ಪರದೆಯ ಹಿಂದೆ ಹೋದರು. ಅಲ್ಲಿ ಸ್ವಲ್ಪ ಹೊತ್ತು ತಡಕಾಡುವ ಸದ್ದು. ಹೊರಬಂದಾಗ ಮೈಮೇಲೆ ಹೊಚ್ಚ ಹೊಸ ಬೂದುಬಣ್ಣದ ಪ್ಯಾಂಟು ಇತ್ತು. ಹುಕ್ಕು ಸಲೀಸಾಗಿ ಬಿದ್ದಿತ್ತು. ಸೊಂಟದ ಸುತ್ತ ಒಂದು ನೆರಿಗೆಯಿಲ್ಲ, ಒಂದು ಎಳೆತವಿಲ್ಲ.

ಹೆಂಡತಿ: ರೀ... ಅದು ಬ್ಯಾಂಕ್ ಮ್ಯಾನೇಜರ್ ಪ್ಯಾಂಟು.

ಮೇಷ್ಟ್ರು: ಗೊತ್ತು.

ಭಾಮೈದ: ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ ಭಾವ.

ಮೇಷ್ಟ್ರು: ಬಾಯಿ ಮುಚ್ಚಿ ಆ ಮಾತ್ರೆ ಕೊಡು.

ಒಂದು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು, ಕತ್ತರಿಯ ಕಡೆ ಒಮ್ಮೆ ನೋಡಿ, ಬಾಯಿಗೆ ಹಾಕಿ ನೀರು ಕುಡಿದರು. ಹೆಂಡತಿ ಅವರ ಗಂಟಲು ಏರಿ ಇಳಿಯುವುದನ್ನೇ ನೋಡುತ್ತಿದ್ದಳು. ಇಳಿದ ಮೇಲೆ ಅವಳ ಉಸಿರೂ ಇಳಿಯಿತು.

ಭಾಮೈದ: ಮೊದಮೊದಲು ಹೊಟ್ಟೆ ಸ್ವಲ್ಪ ಗುಡುಗುಡು ಅನ್ನಬಹುದು. ಅದಕ್ಕೇ ಊಟದ ಮೇಲೆ ತಗೊಳ್ಳಿ ಅನ್ನೋದು. ಇನ್ನು ಉಳಿದದ್ದು ಅರ್ಧ ಗಂಟೆ ನಡಿಗೆ...

ಮೇಷ್ಟ್ರು: ಆಗಲ್ಲ.

ಭಾಮೈದ: ಭಾವ!

ಮೇಷ್ಟ್ರು: ನಾನು ಕತ್ತರಿ ಮುಟ್ಟಿ ಹೇಳಿದ್ದು ಮಾತ್ರೆಗೆ ಮಾತ್ರ. ನುಂಗಿದೆ. ನಡಿಗೆ ಮಾತು ಎಲ್ಲಿ ಬಂತು? ಈ ಪೆಡಲು ತುಳಿದ ಕಾಲಲ್ಲಿ ನಡೆದಿದ್ರೆ ಇಷ್ಟೊತ್ತಿಗೆ ಭೂಮಿ ಸುತ್ತಿ ಮನೆಗೆ ಬಂದು ಊಟಕ್ಕೆ ಕೂತಿರ್ತಿದ್ದೆ. ಕೆಲಸ ಬಿಟ್ಟು ಬೀದೀಲಿ ಸುಮ್ಸುಮ್ನೆ ಕೈ ಬೀಸ್ಕೊಂಡು ಹೋಗೋಕೆ ನಾನೇನು ಪೆನ್ಷನ್ ತಗೋಳೋನಾ?

ಭಾಮೈದ ಮತ್ತೆ ವಾದಕ್ಕಿಳಿಯಲು ಹೊರಟ. ಹೆಂಡತಿ ಕಣ್ಣಲ್ಲೇ ತಡೆದಳು. ಅಂಗಿಯ ತೋಳು ತಿರುಗಿಸಿಕೊಂಡು, ಗುಂಡಿ ಇಡುತ್ತ, ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವ ಹಾಗೆ ಶುರುಮಾಡಿದಳು.

ಹೆಂಡತಿ: ಬಿಡೋ, ಅವರು ನಡೆಯೋದೇ ಬೇಡ. ನಡೆದ್ರೆ ಸೇತುವೆ ತನಕ ಹೋಗ್ಬೇಕು. ಸೇತುವೆ ದಾಟಿದ್ರೆ ಆ ಹೊಸ ಟೈಲರ್ ಅಂಗಡಿ ಕಣ್ಣಿಗೆ ಬೀಳುತ್ತೆ. ಸುಮ್ನೆ ಇವರಿಗೆ ಬೇಜಾರು.

ಮೇಷ್ಟ್ರು: ನನಗ್ಯಾಕೆ ಬೇಜಾರು?

ಹೆಂಡತಿ: ಏನಿಲ್ಲ ಬಿಡಿ.

ಮೇಷ್ಟ್ರು: ಏನು ಅಂದೆ?

ಹೆಂಡತಿ: ಬೋರ್ಡು ಬರೆಸಿದಾನಂತೆ. 'ಕಾಲರ್ ತಜ್ಞರು' ಅಂತ.

ಮೇಷ್ಟ್ರು: ತಜ್ಞರಾ? ಅವನಾ? ಮೊನ್ನೆ ಮೊನ್ನೆ ನನ್ನ ಹತ್ರ ಬಂದು ಕಾಲರ್ ಒಳಗಿನ ಕ್ಯಾನ್ವಾಸ್ ಯಾವ ಕಡೆ ಅಂಟಿಸೋದು ಅಂತ ಕೇಳ್ಕೊಂಡು ಹೋದೋನು!

ಹೆಂಡತಿ: ಹಳಬರಿಗೆ ಈಗ ಕಣ್ಣು ಮಂದ, ಅದಕ್ಕೇ ಗಿರಾಕಿಗಳು ತನ್ನ ಹತ್ರ ಬರ್ತಿದಾರೆ ಅಂತಾನೂ ಅಂದ್ನಂತೆ. ಯಾರು ಅಂತ ಹೆಸರು ಹೇಳ್ಲಿ...

ಮೇಷ್ಟ್ರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಕೊರಳ ಟೇಪನ್ನು ಬಿಗಿಯಾಗಿ ಎಳೆದುಕೊಂಡು, ಮ್ಯಾನೇಜರರ ಪ್ಯಾಂಟಿನಲ್ಲಿ ಮ್ಯಾನೇಜರರ ಠೀವಿಯಲ್ಲೇ ಮೆಟ್ಟಿಲಿಳಿದರು.

ಭಾಮೈದ (ಪಿಸುದನಿಯಲ್ಲಿ): ಅಕ್ಕ, ನಿಜವಾಗ್ಲೂ ಹಾಗೆ ಬರೆಸಿದಾನಾ?

ಹೆಂಡತಿ: ನಾನೇನು ಕಂಡೆ? ಹೋಗಿ ಬಂದು ಹೇಳ್ಲಿ.

ಭಾಮೈದ: ಅದಲ್ಲ, ಇವತ್ತು ಆ ಅಂಗಡಿಗೆ ರಜೆ.

ಹೆಂಡತಿ: ಹಾಗಾದ್ರೆ ನಾಳೆನೂ ಹೋಗ್ತಾರೆ.

ಭಾಮೈದ: ನಾಳಿದ್ದು?

ಹೆಂಡತಿ: ನಾಳಿದ್ದಿಗೆ ನೀನು ಬಂದು ಏನಾದ್ರೂ ಸಿಟ್ಟು ಬರಿಸು. ಎಲ್ಲಾ ನಾನೇ ಮಾಡೋಕಾಗುತ್ತಾ?

ಬಾಗಿಲ ಚೌಕಟ್ಟಿನ ಪಕ್ಕದಿಂದ ಒಂದು ತಲೆ ಒಳಗೆ ಬಂತು. ಅಕ್ಕ ತಮ್ಮ ಇಬ್ಬರೂ ಬೆಚ್ಚಿದರು.

ಮೇಷ್ಟ್ರು: ಆ ಬೋರ್ಡಿನ ಮೇಲೆ ಅವನ ಹೆಸರು ಬಿಟ್ರೆ ಇನ್ನೇನೂ ಇಲ್ಲ. ಅದನ್ನ ತೂಗುಹಾಕೋವಾಗ ಟೇಪು ಹಿಡಿದು ನೇರ ಮಾಡಿಕೊಟ್ಟವನೇ ನಾನು. ಮಷೀನಿನ ಮುಂದೆ ಕೂತು ಕೂತು ಕಣ್ಣು ಮಂದ ಆಗಿರ್ಬಹುದು, ಕಿವಿ ಆಗಿಲ್ಲ.

ಹೆಂಡತಿ (ಗಾಬರಿಯಿಂದ): ಅಲ್ಲಾ... ಗೊತ್ತಿದ್ದೂ ಎಲ್ಲಿಗೆ ಹೊರಟ್ರಿ?

ಮೇಷ್ಟ್ರು: ಗಡಿವರೆಗೆ. ವಾಪಸ್ ತಿರುಗೋ ಜಾಗ ಅಂತ ನಿನ್ನ ತಮ್ಮ ಅಂದ್ನಲ್ಲ, ಎಲ್ಲಿದೆ ಅಂತ ನೋಡ್ಕೊಂಡು ಬರ್ತೀನಿ. ಮ್ಯಾನೇಜರ್ ಬಂದ್ರೆ ಪ್ಯಾಂಟು ಇನ್ನೂ ಟ್ರಯಲ್ಲಲ್ಲಿದೆ ಅಂತ ಹೇಳು. ಮತ್ತೆ ಕೇಳಿಲ್ಲಿ. ನನ್ನ ಪ್ಯಾಂಟಲ್ಲಿ ಹಳೇ ಹೊಲಿಗೆ ತೂತು ಇದೆಯಲ್ಲ, ಎಲ್ಲಕ್ಕಿಂತ ಮೊದಲನೇ ಸಾಲು, ಅದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡು. ಮೂರು ತಿಂಗಳಾದ್ಮೇಲೆ ಆ ಸಾಲಿಗೇ ಹೊಲಿಯೋದು.

ಹೆಂಡತಿ: ನೀವು ಹೊಲಿದ್ರೆ ತಿರುವಿನಲ್ಲಿ ಎಡಕ್ಕೆ ವಾಲುತ್ತೆ ರೀ. ಅದನ್ನ ನನಗೇ ಬಿಡಿ, ನೀವು ಬೇಕಾದ್ರೆ ಪಕ್ಕದಲ್ಲಿ ಕೂತು ಕಾಜ...

ಬಾಗಿಲಲ್ಲಿ ತಲೆ ಇರಲಿಲ್ಲ. ಬೀದಿಯ ಕಲ್ಲಿನ ಮೇಲೆ ಚಪ್ಪಲಿಗಳ ಸದ್ದು ದೂರವಾಗುತ್ತಿತ್ತು. ಟಕಟಕಟಕ. ಪ್ಯಾಂಟಿನ ಉದ್ದದ ಹೊಲಿಗೆಯ ಹಾಗೆ, ಒಂದೇ ಸಮ. ಆ ಸದ್ದಿನ ಮೇಲೆ, ಸ್ವಲ್ಪ ಎಡಕ್ಕೆ ವಾಲಿದ ಒಂದು ಶಿಳ್ಳೆ.